ರಾಡಿಯೊಳಗಿನ ಕಾವು

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಪಂಪು ಮಾಡಿ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹಾಯಿಸುವ ಯೋಜನೆ ಅದು. ಅಂದಿನಿಂದ ಮಾಲೂರಿನಿಂದ ಮುಳಬಾಗಿಲಿನವರೆಗೆ ‘ಕೆ.ಸಿ. ವ್ಯಾಲಿ ನೀರಿ’ನ ಬಗ್ಗೆ ಮಾತಾಡದವರಿಲ್ಲ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ರೈತರು ಧರಣಿ ಕೂತರು. ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ. ನೀರಿನಿಂದ ಬೇರ್ಪಡಿಸಿದ ಕೊಳೆ ಏನಾಯಿತು?

ಕೊಳಚೆ ನೀರನ್ನು ಶುದ್ಧ ಮಾಡುವುದೆಂದರೆ ಕೊಳೆಯನ್ನು ಮಾಯ ಮಾಡುವುದಲ್ಲ. ಅದರಲ್ಲಿ ಒಂದು ಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಉಳಿದದ್ದು ಅವುಗಳ ಮೈಯಾಗಿ, ಸತ್ತ ಮೈಯಾಗಿ, ತೊಟ್ಟಿಯ ತಳದಲ್ಲಿ ರಾಡಿಯಾಗಿ ಕೂರುತ್ತದೆ. ಎಂಜಿನಿಯರುಗಳ ಬಾಯಲ್ಲಿ ಇದೇ ಸ್ಲಡ್ಜ್. ಹತ್ತು ಲಕ್ಷ ಲೀಟರ್ ಕೊಳಚೆಗೆ ಒಣ ತೂಕದಲ್ಲಿ ಸುಮಾರು 200 ಕೆ.ಜಿ. ಸ್ಲಡ್ಜ್ ಎಂಬುದು ರೂಢಿಯ ಅಂದಾಜು. ಆ ಲೆಕ್ಕದಲ್ಲಿ 44 ಕೋಟಿ ಲೀಟರಿಗೆ ದಿನಕ್ಕೆ 88 ಟನ್. ಯಂತ್ರದಲ್ಲಿ ಹಿಂಡಿದ ಮೇಲೂ ಸ್ಲಡ್ಜ್‌ನಲ್ಲಿ ನೂರಕ್ಕೆ 80ರಷ್ಟು ನೀರೇ ಇರುವುದರಿಂದ ಲಾರಿಗೆ ತುಂಬುವಾಗ ಅದು 440 ಟನ್ ತೂಗುತ್ತದೆ. ಇದು ಒಂದು ಕಣಿವೆಯ, ಒಂದು ದಿನದ ಲೆಕ್ಕ.

ಇನ್ನು ಕಾರ್ಖಾನೆಗಳದ್ದು ಬೇರೆ. ಕಳೆದ ಹದಿನೈದು ವರ್ಷಗಳಲ್ಲಿ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಕೋಲಾರದ ಚಹರೆಯನ್ನೇ ಬದಲಿಸಿವೆ. ಮೋಟರ್ ಸೈಕಲ್ಲು, ಮೊಬೈಲು, ಬಿಡಿಭಾಗ, ಬಣ್ಣ, ಲೇಪನ, ಆಹಾರ ಸಂಸ್ಕರಣೆ ಎಲ್ಲವೂ ಬಂದಿವೆ. ಪ್ರತಿ ಕಾರ್ಖಾನೆಗೂ ತ್ಯಾಜ್ಯನೀರಿನ ಘಟಕ ಇರಲೇಬೇಕು, ಪ್ರತಿ ಘಟಕದ ಹಿಂದೆಯೂ ರಾಡಿಯ ರಾಶಿ ಇದ್ದೇ ಇರುತ್ತದೆ. ಹಾಲಿನ ಡೈರಿಯ ರಾಡಿ ಕೊಬ್ಬು, ಪ್ರೋಟೀನುಗಳಿಂದ ತುಂಬಿರುತ್ತದೆ. ಲೋಹಲೇಪನ ಘಟಕದ ರಾಡಿಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಕೆಸರು. ಈ ಅಧ್ಯಾಯದ ಮುಖ್ಯ ಮಾತೆಲ್ಲ ಇವೆರಡರ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ. ಅದಕ್ಕೆ ಮೊದಲು, ಈ ರಾಡಿಯನ್ನು ಬೇಯಿಸಿ ಗೊಬ್ಬರ ಮಾಡುವ ಜೀವಿಗಳ ಪರಿಚಯವಾಗಲಿ.

ಧನುರ್ಮಾಸದ ಬೆಳಗ್ಗೆ ಮುಳಬಾಗಿಲಿನ ಯಾವ ಹಳ್ಳಿಯಲ್ಲಾದರೂ ತಿಪ್ಪೆಯನ್ನು ಗುದ್ದಲಿಯಿಂದ ಕೆದಕಿದರೆ ಹಬೆ ಏಳುತ್ತದೆ. ತಿಪ್ಪೆಯ ಮೇಲೆ ಇಬ್ಬನಿ, ಒಂದು ಅಡಿ ಒಳಗೆ ಕೈ ಇಡಲಾಗದಷ್ಟು ಬಿಸಿ. ಬಿಸಿ ಹೊರಗಿನಿಂದ ಬಂದದ್ದಲ್ಲ. ಬ್ಯಾಕ್ಟೀರಿಯಾ ಆಹಾರವನ್ನು ಆಮ್ಲಜನಕದೊಂದಿಗೆ ಉರಿಸಿದಾಗ ಸಿಗುವ ಶಕ್ತಿಯಲ್ಲಿ ಸರಿಸುಮಾರು ಐದರಲ್ಲಿ ಎರಡು ಪಾಲನ್ನು ಮಾತ್ರ ಅದು ತನ್ನ ಬದುಕಿಗೆ ಹಿಡಿದಿಟ್ಟುಕೊಳ್ಳಬಲ್ಲದು. ಮಿಕ್ಕದ್ದು ಶಾಖವಾಗಿ ಹೊರಬೀಳುತ್ತದೆ. ನಮ್ಮ ಮೈ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಹಿಡಿಯಷ್ಟು ಕಸದಲ್ಲಿ ಈ ಶಾಖ ಗಾಳಿಗೆ ಹೋಗಿಬಿಡುತ್ತದೆ. ಒಂದು ಘನ ಮೀಟರಿಗಿಂತ ದೊಡ್ಡ ರಾಶಿಯಲ್ಲಿ ಹೊರಗಿನ ಪದರವೇ ಒಳಗಿನದಕ್ಕೆ ಕಂಬಳಿಯಾಗುತ್ತದೆ, ಕಾವು ಏರುತ್ತಲೇ ಹೋಗುತ್ತದೆ.

ಏರುವ ಕಾವು ಅದನ್ನು ಹುಟ್ಟಿಸಿದವರನ್ನೇ ಮೊದಲು ಕೊಲ್ಲುತ್ತದೆ. ಮಣ್ಣಿನಲ್ಲಿ, ಕರುಳಿನಲ್ಲಿ ಸುಖವಾಗಿರುವ ಸಾಮಾನ್ಯ ಬ್ಯಾಕ್ಟೀರಿಯಾಗಳು 40 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸೊರಗುತ್ತವೆ. 45 ದಾಟಿದರೆ ಇನ್ನೊಂದು ವಂಶದ ಆಳ್ವಿಕೆ ಶುರು. ಅಲ್ಲಿಯವರೆಗೆ ಬೀಜಕಗಳಾಗಿ ಮುದುಡಿ ಮಲಗಿದ್ದ ಬ್ಯಾಸಿಲಸ್, ಜಿಯೊಬ್ಯಾಸಿಲಸ್ ಜಾತಿಗಳು ಎದ್ದು ಸಕ್ಕರೆ, ಪ್ರೋಟೀನು, ಕೊಬ್ಬನ್ನು ಮುಗಿಬಿದ್ದು ತಿನ್ನುತ್ತವೆ. ಥರ್ಮೊಬಿಫಿಡಾ ಎಂಬ ಎಳೆಎಳೆಯಾದ ಬ್ಯಾಕ್ಟೀರಿಯಾ ನಾರನ್ನು, ಅಂದರೆ ಸೆಲ್ಯುಲೋಸನ್ನು, ಕತ್ತರಿಸುತ್ತದೆ. ಬಿಸಿ ರಾಶಿಯನ್ನು ಸೀಳಿ ನೋಡಿದಾಗ ಹೊರ ಅಂಚಿನಿಂದ ಒಂದೆರಡು ಗೇಣು ಒಳಗೆ ಬೂದಿ ಎರಚಿದಂಥ ಬಿಳಿ ಪದರ ಕಾಣುತ್ತದೆ. ಇದನ್ನು ಕಂಡು ಗೊಬ್ಬರ ಸುಟ್ಟುಹೋಯಿತೆಂದು ಹೆದರುವವರಿದ್ದಾರೆ. ಅದು ಬೂದಿಯಲ್ಲ, ಇಂಥ ಎಳೆಜೀವಿಗಳ ಬಲೆ. ರಾಶಿ ಸರಿಯಾಗಿ ಕಾದಿದೆ ಎಂಬುದರ ಗುರುತು. 60 ಡಿಗ್ರಿಯ ಆಸುಪಾಸಿನಲ್ಲಿ ಶಿಲೀಂಧ್ರಗಳು ಸೋಲುತ್ತವೆ. ಅದಕ್ಕೂ ಮೇಲೆ ಬ್ಯಾಕ್ಟೀರಿಯಾಗಳದ್ದೇ ರಾಜ್ಯ.

ಇಂಥ ಜೀವಿಗಳಿವೆ ಎಂದು ನಮಗೆ ಗೊತ್ತಾಗಿ ಒಂದೂವರೆ ಶತಮಾನವೂ ಆಗಿಲ್ಲ. 1879ರಲ್ಲಿ ಪ್ಯಾರಿಸ್ಸಿನ ಪಿಯೆರ್ ಮಿಕೆಲ್ 72 ಡಿಗ್ರಿಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾವನ್ನು ಸೀನ್ ನದಿಯ ನೀರಿನಿಂದ ಬೇರ್ಪಡಿಸಿದ. 1969ರಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಎಂಬುದನ್ನು ಜಗತ್ತಿಗೆ ಪರಿಚಯಿಸಿದರು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಕೋಟ್ಯಂತರ ಜನರ ಆರ್‌ಟಿ-ಪಿಸಿಆರ್ ಪರೀಕ್ಷೆ ಈ ಜೀವಿಯಲ್ಲಿ ಮೊದಲು ಕಂಡ, ಶಾಖಕ್ಕೆ ಜಗ್ಗದ ಕಿಣ್ವದ ಕೃಪೆ. ಥರ್ಮಸ್ ಬಂಧುಗಳನ್ನು ನೋಡಲು ಬುಗ್ಗೆಗಳಿಗೇ ಹೋಗಬೇಕಿಲ್ಲ ಎಂದು 1996ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. 65 ಡಿಗ್ರಿಗೂ ಮೇಲೆ ಕಾದ ಕಾಂಪೋಸ್ಟ್ ರಾಶಿಗಳಲ್ಲಿ ಅವು ಹೇರಳವಾಗಿದ್ದವು.

ಇದಕ್ಕಿಂತ ಅಚ್ಚರಿಯ ಸಂಗತಿ ಜಪಾನಿನ ಕಾಗೋಷಿಮಾದ್ದು. ಅಲ್ಲಿ ನಗರದ ಚರಂಡಿ ಸ್ಲಡ್ಜನ್ನು ಹಳೆಯ ಗೊಬ್ಬರದೊಂದಿಗೆ ಬೆರೆಸಿ, ತಳದಿಂದ ಗಾಳಿ ಊದಿ, ರಾಶಿಯೊಳಗೆ 90 ಡಿಗ್ರಿ ದಾಟಿದ ಕಾವನ್ನು ಪಡೆದರು. ಆ ರಾಶಿಯಲ್ಲಿ ಸಿಕ್ಕ ಹೊಸ ಜೀವಿಗಳಿಗೆ 2011ರಲ್ಲಿ ಕ್ಯಾಲ್ಡಿಟೆರಿಕೋಲ ಎಂದು ಹೆಸರಿಟ್ಟರು. ಅವು ಚೆನ್ನಾಗಿ ಬೆಳೆಯುವುದೇ 78 ಡಿಗ್ರಿಯ ಸುತ್ತಮುತ್ತ. ನಮಗೆ ಸುಡುವ ಶಾಖ ಅವಕ್ಕೆ ಹಿತ.

ಇದು ಹೇಗೆ ಸಾಧ್ಯ? ಮೊಟ್ಟೆಯ ಬಿಳಿ ಬೇಯಿಸಿದಾಗ ಗಟ್ಟಿಯಾಗುವುದು ಅದರ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುವುದರಿಂದ. ಶಾಖಪ್ರಿಯ ಬ್ಯಾಕ್ಟೀರಿಯಾಗಳ ಪ್ರೋಟೀನಿನಲ್ಲಿ ಆ ಮಡಿಕೆಗಳು ಹೆಚ್ಚು ಬಿಗಿ. ಧನ ಮತ್ತು ಋಣ ವಿದ್ಯುದಂಶದ ಭಾಗಗಳು ಎದುರುಬದುರು ಕೂತು ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ಕೋಶಪೊರೆಯ ಕೊಬ್ಬು ಸುಲಭಕ್ಕೆ ಕರಗಿ ಹರಿಯದ ಜಾತಿಯದು. ಇನ್ನು ಬೀಜಕಗಳ ಗಟ್ಟಿತನವಂತೂ ಹೇಳತೀರದು. ಆಸ್ಪತ್ರೆಯ ಉಪಕರಣಗಳನ್ನು ಆಟೋಕ್ಲೇವ್ ನಿಜವಾಗಿ ಶುದ್ಧ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಒಳಗೆ ಇಡುವುದು ಜಿಯೊಬ್ಯಾಸಿಲಸ್‌ನ ಬೀಜಕಗಳನ್ನೇ. ಅವು ಸತ್ತಿದ್ದರೆ ಬೇರೆಲ್ಲವೂ ಸತ್ತಿದೆ ಎಂದರ್ಥ.

ರಾಡಿಯ ವಿಷಯದಲ್ಲಿ ಈ ಕಾವಿನ ದೊಡ್ಡ ಉಪಕಾರ ರೋಗಾಣುಗಳ ನಾಶ. 55 ಡಿಗ್ರಿಯನ್ನು ಸಾಕಷ್ಟು ದಿನ ಕಾಯ್ದುಕೊಂಡರೆ ಟೈಫಾಯಿಡಿನ ಸಾಲ್ಮೊನೆಲ್ಲಾ, ಜಂತುಹುಳುವಿನ ಗಟ್ಟಿ ಮೊಟ್ಟೆ ಎರಡೂ ಉಳಿಯುವುದಿಲ್ಲ. ಅಮೆರಿಕ 1993ರಲ್ಲಿ ಮಾಡಿದ ನಿಯಮ ಇದನ್ನೇ ಕಟ್ಟಳೆಯಾಗಿಸಿತು. ಬದುಬದುವಾಗಿ ಹಾಕಿದ ಸ್ಲಡ್ಜ್ ರಾಶಿ 15 ದಿನ 55 ಡಿಗ್ರಿಗಿಂತ ಮೇಲಿರಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು. ಮಗುಚುವುದು ಏಕೆಂದರೆ, ಹೊರ ಅಂಚಿನ ತಣ್ಣನೆಯ ಪದರದಲ್ಲಿ ಬದುಕಿಕೊಂಡ ಮೊಟ್ಟೆಗೂ ಒಳಗಿನ ಬಿಸಿ ತಾಗಬೇಕು.

ಟೊಮೊಟೊ ಬೆಳೆಯುವ ಮುಳಬಾಗಿಲಿನವರಿಗೆ ಥರ್ಮಾಮೀಟರಿಲ್ಲದೆಯೂ ಇದನ್ನು ಗುರುತಿಸುವ ದಾರಿಯೊಂದಿದೆ. ಟೊಮೊಟೊ ಬೀಜ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಕೊಳಚೆಯೊಂದಿಗೆ ಹರಿದು, ಶುದ್ಧೀಕರಣ ಘಟಕವನ್ನೂ ದಾಟಿ, ಸ್ಲಡ್ಜ್ ಒಣಗಿಸುವ ಮರಳಿನ ಹಾಸಿನ ಮೇಲೆ ತಾನಾಗಿ ಮೊಳೆತು ನಿಲ್ಲುತ್ತದೆ. ಇಂಥ ಹಾಸುಗಳಲ್ಲಿ ಯಾರೂ ಬಿತ್ತದ ಟೊಮೊಟೊ ಗಿಡಗಳು ಹಣ್ಣು ಬಿಡುವುದು ಪ್ರಪಂಚದ ಎಲ್ಲ ಕಡೆಯ ಘಟಕಗಳಲ್ಲೂ ಕಾಣುವ ನೋಟ. ಬೇಯಿಸಿದ್ದೇವೆ ಎಂದು ಕೊಟ್ಟ ಗೊಬ್ಬರದ ರಾಶಿಯಲ್ಲಿ ಟೊಮೊಟೊ ಸಸಿ ಎದ್ದಿದ್ದರೆ ಆ ರಾಶಿ ಕಾದಿಲ್ಲ. ಅದರಲ್ಲಿ ಜಂತುಹುಳುವಿನ ಮೊಟ್ಟೆಯೂ ಬದುಕಿರಬಹುದು.

ಈ ವಿದ್ಯೆ ನಮ್ಮಲ್ಲಿಗೆ ಹೊಸದಾಗಿ ಬಂದದ್ದೆಂದು ತಿಳಿಯಬಾರದು. ಕೊಳಚೆಗೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ನೀರನ್ನು ತಿಳಿಯಾಗಿಸುವ ‘ಆಕ್ಟಿವೇಟೆಡ್ ಸ್ಲಡ್ಜ್’ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಪ್ರಕಟಿಸಿದಾಗ ಅವರ ಬೆನ್ನಿಗಿದ್ದವರು ಗಿಲ್ಬರ್ಟ್ ಫೌಲರ್. ಎರಡೇ ವರ್ಷದಲ್ಲಿ, 1916ರಲ್ಲಿ, ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೊಲಕ್ಕೆ ಸೇರಬೇಕಾದ ಸಾರಜನಕ ಚರಂಡಿಯಲ್ಲಿ ಹರಿದುಹೋಗುತ್ತಿದೆ ಎಂಬುದೇ ಅವರ ಜೀವಮಾನದ ಚಿಂತೆ. ಅದೇ ಸಂಸ್ಥೆಯಲ್ಲಿ 1939ರಲ್ಲಿ ಸಿ.ಎನ್. ಆಚಾರ್ಯ ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಅದು ‘ಬೆಂಗಳೂರು ವಿಧಾನ’. ಮೊದಲ ಕೆಲವು ದಿನ ಗುಂಡಿಯಲ್ಲಿ ಗಾಳಿಯಿರುವಷ್ಟು ಹೊತ್ತು ಕಾವು ಏರುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಕೊಳೆಯುತ್ತದೆ. ಮಗುಚುವ ಖರ್ಚಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಆದರೆ ಆ ಗುಂಡಿಗೆ ಮಲ ತಂದು ಸುರಿದವರು ಯಾರು ಎಂಬುದನ್ನು ಪಠ್ಯಪುಸ್ತಕ ಬರೆಯುವುದಿಲ್ಲ. ತಲೆಯ ಮೇಲೆ ಮಲ ಹೊತ್ತವರು ನಿರ್ದಿಷ್ಟ ಜಾತಿಗಳ ಮನುಷ್ಯರು. ಕೋಲಾರ ಜಿಲ್ಲೆಗೆ ಈ ಚರಿತ್ರೆ ಬಹಳ ಹತ್ತಿರದ್ದು. ಮಲ ಹೊರುವ ಪದ್ಧತಿಯ ವಿರುದ್ಧ ದೇಶವ್ಯಾಪಿ ಚಳವಳಿ ಕಟ್ಟಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೆ.ಜಿ.ಎಫ್‌ನಲ್ಲಿ, ಗಣಿ ಕಾಲೊನಿಗಳ ಒಣ ಪಾಯಿಖಾನೆ ಬಳಿಯುತ್ತಿದ್ದವರ ಮನೆಯಲ್ಲಿ. ಸ್ಲಡ್ಜಿನಿಂದ ಗೊಬ್ಬರ ಮಾಡುವ ಯಾವ ಯೋಜನೆಗೂ ಮೊದಲ ಷರತ್ತು ಇದೇ ಆಗಬೇಕೆಂದು ನನಗೆ ಅನ್ನಿಸುತ್ತದೆ. ಕಾಯದ ಹಸಿ ರಾಡಿಯನ್ನು ಮನುಷ್ಯನ ಕೈ ಮುಟ್ಟಕೂಡದು. ಪಂಪು, ಬೆಲ್ಟು, ಮಗುಚುವ ಯಂತ್ರ ಇಲ್ಲದಿದ್ದರೆ ಘಟಕವೇ ಬೇಡ.

ಯಂತ್ರದಿಂದಲೇ ಮಾಡಬಹುದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಕಬ್ಬಿನ ರಸ ಸೋಸಿದ ಮಡ್ಡಿಯನ್ನು, ಅಂದರೆ ಪ್ರೆಸ್‌ಮಡ್ಡನ್ನು, ಉದ್ದುದ್ದ ಬದುಗಳಾಗಿ ಹಾಕಿ, ಅದರ ಮೇಲೆ ಡಿಸ್ಟಿಲರಿಯ ಕಪ್ಪು ಸ್ಪೆಂಟ್‌ವಾಶ್ ಸಿಂಪಡಿಸಿ, ಬದುವಿನ ಮೇಲೆ ಅಡ್ಡಡ್ಡ ಹೋಗುವ ಯಂತ್ರದಿಂದ ಮತ್ತೆ ಮತ್ತೆ ಮಗುಚುತ್ತಾರೆ. ರಾಶಿಯ ಕಾವೇ ಆ ದ್ರವದ ನೀರನ್ನು ಆವಿಯಾಗಿಸುತ್ತದೆ, ಹಾಗಾಗಿ ದಿನದಿನವೂ ಹೊಸದಾಗಿ ಸುರಿಯಬಹುದು. ಎರಡು ತಿಂಗಳಿಗೆ ಗೊಬ್ಬರ ಸಿದ್ಧ. ಕೈಗಾರಿಕಾ ತ್ಯಾಜ್ಯವನ್ನು ಶಾಖಪ್ರಿಯ ಜೀವಿಗಳಿಂದ ಮಾಗಿಸುವ ಕೆಲಸ ಕರ್ನಾಟಕದಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಇಲ್ಲೇ. ಸಣ್ಣ ಪ್ರಮಾಣದಲ್ಲಿ ದೇವನಹಳ್ಳಿಯದೂ ಇದೆ. 2015ರಲ್ಲಿ ಅಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ದೇಶದ ಪಟ್ಟಣ ಮಟ್ಟದ ಮೊದಲನೆಯದು. ಮನೆಗಳ ಪಿಟ್‌ಗಳಿಂದ ಲಾರಿ ಹೀರಿ ತಂದದ್ದನ್ನು ಅಲ್ಲಿ ಕೊಳೆಸಿ, ಒಣಗಿಸಿ, ಪಟ್ಟಣದ ಹಸಿ ಕಸದೊಂದಿಗೆ ಸೇರಿಸಿ ಕಾಂಪೋಸ್ಟ್ ಮಾಡುತ್ತಾರೆ.

ಹಾಗಾದರೆ ಮುಳಬಾಗಿಲಿನಲ್ಲಿ, ಶ್ರೀನಿವಾಸಪುರದಲ್ಲಿ ಹಾಲಿನ ಡೈರಿಯದೋ ಆಹಾರ ಕಾರ್ಖಾನೆಯದೋ ರಾಡಿಯನ್ನು ಹೀಗೆ ಮಾಗಿಸಬೇಕಾದರೆ ಏನೇನು ಬೇಕು? ರಾಡಿಯೊಂದನ್ನೇ ಗುಡ್ಡೆ ಹಾಕಿದರೆ ಅದು ಕಾಯುವುದಿಲ್ಲ, ನಾರುತ್ತದೆ. ಅಂಟಿನಂಥ ಕೆಸರಿನೊಳಗೆ ಗಾಳಿ ಆಡದು. ಜೊತೆಗೆ ಅದರಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಬಹಳ ಹೆಚ್ಚು. ಬ್ಯಾಕ್ಟೀರಿಯಾಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು, ಸ್ಲಡ್ಜ್‌ನಲ್ಲಿ ಹತ್ತು ಪಾಲೂ ಇರುವುದಿಲ್ಲ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಕಣ್ಣು ಉರಿಯುತ್ತದೆ, ಹೊಲಕ್ಕೆ ಸೇರಬೇಕಾದ ಸತ್ವವೂ ಹೋಗುತ್ತದೆ. ಆದ್ದರಿಂದ ಒಣ, ಒರಟು, ಇಂಗಾಲ ತುಂಬಿದ ವಸ್ತುವನ್ನು ಬೆರೆಸಬೇಕು. ರೇಷ್ಮೆ ಸಾಕುವ ಈ ಸೀಮೆಯಲ್ಲಿ ಹುಳುಗಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟಿದೆ. ಕತ್ತರಿಸಿ ಹಾಕಿದರೆ ಇಂಗಾಲವೂ ಸಿಕ್ಕಿತು, ರಾಶಿಯೊಳಗೆ ಗಾಳಿಗೆ ಸಂದೂ ಆಯಿತು. ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು, ಒಣಗಿದ ಟೊಮೊಟೊ ಗಿಡವೂ ಆದೀತು. ರಾಗಿ ಹುಲ್ಲನ್ನು ಮಾತ್ರ ಕೇಳಬಾರದು, ಅದು ಹಸುವಿನ ಪಾಲು. ಬೆಲೆ ಬಿದ್ದಾಗ ಮಂಡಿಯ ಪಕ್ಕ ಸುರಿಯುವ ಟೊಮೊಟೊವನ್ನು ಇದಕ್ಕೆ ಸೇರಿಸಬಹುದಲ್ಲ ಎಂದು ಅನ್ನಿಸಬಹುದು. ಹಣ್ಣಿನಲ್ಲಿ ನೂರಕ್ಕೆ 94ರಷ್ಟು ನೀರು. ನೀರಿಗೆ ನೀರು ಸೇರಿಸಿದಂತಾಗುತ್ತದೆ.

ನೀರೇ ಇಲ್ಲಿ ನಿಜವಾದ ತೊಡಕು. ಲೆಕ್ಕ ಹಾಕಿ ನೋಡೋಣ. ಒಂದು ಟನ್ ರಾಡಿಯಲ್ಲಿ 800 ಕೆ.ಜಿ. ನೀರು, 200 ಕೆ.ಜಿ. ಒಣ ವಸ್ತು. ಅದರಲ್ಲಿ 120 ಕೆ.ಜಿ. ಸಾವಯವ, ಅದರ ಅರ್ಧ ಅಂದರೆ 60 ಕೆ.ಜಿ. ಬ್ಯಾಕ್ಟೀರಿಯಾಗಳ ಬಾಯಿಗೆ ಹೋಗುತ್ತದೆ ಎಂದುಕೊಳ್ಳಿ. ಕೆ.ಜಿ.ಗೆ ಸುಮಾರು 21 ಮೆಗಾಜೂಲ್‌ನಂತೆ 1,260 ಮೆಗಾಜೂಲ್ ಶಾಖ ಸಿಗುತ್ತದೆ. ಒಂದು ಕೆ.ಜಿ. ನೀರನ್ನು ಆವಿಯಾಗಿಸಲು ಸುಮಾರು 2.4 ಮೆಗಾಜೂಲ್ ಬೇಕು. ಎಲ್ಲ ಶಾಖವೂ ಅದಕ್ಕೇ ಖರ್ಚಾದರೂ ಹೋಗುವುದು 525 ಕೆ.ಜಿ. ನೀರು. ಚೀಲಕ್ಕೆ ತುಂಬುವಂಥ ಗೊಬ್ಬರವಾಗಲು 750 ಕೆ.ಜಿ. ಹೋಗಬೇಕು. ಅಂದರೆ ರಾಡಿ ತನ್ನನ್ನು ತಾನೇ ಪೂರ್ತಿ ಒಣಗಿಸಿಕೊಳ್ಳಲಾರದು. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಇದು ದೊಡ್ಡ ಅಡ್ಡಿ. ವರ್ಷಕ್ಕೆ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆ ಬೀಳುವ ಕೋಲಾರದಲ್ಲಿ ಹಾಗಲ್ಲ. ಮಾಗಿಯಿಂದ ಚೈತ್ರದವರೆಗೆ ಮರಳಿನ ಹಾಸಿನ ಮೇಲೆ ತೆಳ್ಳಗೆ ಹರಡಿದರೆ ಬಿಸಿಲೇ ಆ ಕೊರತೆ ತುಂಬುತ್ತದೆ. ಬೆಳೆಯನ್ನು ಸುಡುವ ಬಿಸಿಲಿಗೆ ಇಲ್ಲೊಂದು ಒಳ್ಳೆಯ ಕೆಲಸವಿದೆ.

ಮಿಶ್ರಣದ ಹದ ನೋಡುವ ಕ್ರಮ ಸುಲಭ. ಕೈಗವಸು ಹಾಕಿ ಒಂದು ಮುಷ್ಟಿ ತೆಗೆದು ಬಲವಾಗಿ ಹಿಂಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ, ಧಾರೆಯಾದರೆ ಒಣ ಕಡ್ಡಿ ಇನ್ನಷ್ಟು ಬೇಕು, ಉಂಡೆಯೇ ಕಟ್ಟದೆ ಉದುರಿದರೆ ನೀರು ಚಿಮುಕಿಸಬೇಕು. ಹದವಾದ ಮಿಶ್ರಣವನ್ನು ಎದೆಮಟ್ಟದ ಬದುವಾಗಿ ಹಾಕಿದರೆ ಮೂರ್ನಾಲ್ಕು ದಿನದಲ್ಲಿ ಒಳಗೆ 60 ಡಿಗ್ರಿ ಮುಟ್ಟುತ್ತದೆ. ಅಂಗಡಿಯಲ್ಲಿ ಕೊಂಡ ‘ಕಲ್ಚರ್’ ಬೇಕೇ ಎಂದರೆ, ಬಹುಪಾಲು ಬೇಡ. ಹಳೆಯ ಬಿಸಿ ರಾಶಿಯಿಂದ ನಾಲ್ಕು ಬಾಂಡ್ಲಿ ಗೊಬ್ಬರ ಸೇರಿಸಿದರೆ ಆ ವಂಶವೇ ಹೊಸದರಲ್ಲಿ ಮುಂದುವರಿಯುತ್ತದೆ. ಕಾಗೋಷಿಮಾದವರು ಮಾಡಿದ್ದೂ ಅದನ್ನೇ.

ಇನ್ನು ಲೋಹಗಳ ಮಾತು. ಬ್ಯಾಕ್ಟೀರಿಯಾ ಇಂಗಾಲವನ್ನು ತಿನ್ನುತ್ತದೆ, ಕ್ರೋಮಿಯಂ ತಿನ್ನುವುದಿಲ್ಲ. ಎಷ್ಟೇ ಕಾದರೂ ಸೀಸ ಸೀಸವೇ. ಇದನ್ನು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್ ಗಣಿ ಮುಚ್ಚಿತು, ಅದರ ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ, ಗಾಳಿ ಬೀಸಿದಾಗ ದೂಳು ಮನೆಯೊಳಗೆ ಬರುತ್ತದೆ. ಕಾಂಪೋಸ್ಟ್ ರಾಶಿಯಲ್ಲಿ ಇನ್ನೂ ಒಂದು ಅಪಾಯವಿದೆ. ರಾಶಿ ಕರಗಿದಷ್ಟೂ ಲೋಹ ದಟ್ಟವಾಗುತ್ತದೆ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನ ಒಂದು ಕೆ.ಜಿ.ಯಲ್ಲಿ ಕ್ರೋಮಿಯಂ 50, ನಿಕ್ಕಲ್ 50, ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಕೆ.ಜಿ.ಗೆ 40 ಮಿ.ಗ್ರಾಂ ಕ್ರೋಮಿಯಂ ಇರುವ 100 ಕೆ.ಜಿ. ಒಣ ಸ್ಲಡ್ಜ್ ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಪಾಸು. ಅದು ಮಾಗಿ 70 ಕೆ.ಜಿ.ಗೆ ಇಳಿದಾಗ ಅದೇ ಕ್ರೋಮಿಯಂ ಕೆ.ಜಿ.ಗೆ 57 ಮಿ.ಗ್ರಾಂ ಆಯಿತು. ಈಗ ನಪಾಸು. ಯಾರೂ ಹೊಸದಾಗಿ ಏನನ್ನೂ ಸೇರಿಸಿಲ್ಲ. ಹೆಚ್ಚು ಕಡ್ಡಿ ಬೆರೆಸಿ ಅಂಕಿಯನ್ನು ಇಳಿಸಬಹುದು, ಹೊಲಕ್ಕೆ ಬೀಳುವ ಕ್ರೋಮಿಯಂ ಅದರಿಂದ ಒಂದು ಗ್ರಾಮೂ ಇಳಿಯುವುದಿಲ್ಲ.

ಹೀಗಾಗಿ ಬೇರ್ಪಡಿಸುವ ಕೆಲಸ ಕಾರ್ಖಾನೆಯ ಗೇಟಿನ ಒಳಗೇ ಮುಗಿಯಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕೈಗಾರಿಕಾ ಘಟಕಗಳ ರಾಸಾಯನಿಕ ಸ್ಲಡ್ಜ್ ಸೇರಿದೆ. ಅದು ಹೋಗಬೇಕಾದದ್ದು ತಳಕ್ಕೆ ಪದರ ಹಾಸಿದ ಭದ್ರ ಭೂಭರ್ತಿಗೆ, ಕಾಂಪೋಸ್ಟ್ ಅಂಗಳಕ್ಕಲ್ಲ. ಅದೇ ಕಾರ್ಖಾನೆಯ ಕ್ಯಾಂಟೀನು, ಶೌಚಾಲಯದ ರಾಡಿ ಬೇರೆ ಪೈಪಿನಲ್ಲಿ ಬಂದರೆ ಗೊಬ್ಬರವಾದೀತು. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟ ದಿನವೇ ಎರಡೂ ವಿಷ. ದೊಡ್ಡ ನಗರದ ಚರಂಡಿಯ ಸ್ಲಡ್ಜಿನ ಮೇಲೆ ಅನುಮಾನ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ. ಅಲ್ಲಿ ಯಾವ ಗಲ್ಲಿಯ ಯಾವ ಲೇಪನದ ಶೆಡ್ಡು ಏನು ಸುರಿಯಿತೆಂದು ಹೇಳುವವರಿಲ್ಲ. ಡೈರಿಯ ರಾಡಿಯಿಂದ ಶುರು ಮಾಡುವುದೇ ಮೇಲು ಎಂದು ನಾನು ಹೇಳುವುದೂ ಇದಕ್ಕೇ. ಅದರಲ್ಲಿ ಏನಿದೆಯೆಂದು ನಮಗೆ ಗೊತ್ತು, ಹಾಲು ಕೊಟ್ಟ ಹಳ್ಳಿಗಳಿಗೇ ಅದು ಮರಳಬಹುದು. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿರುವ ಇಲ್ಲಿನ ಕೆಮ್ಮಣ್ಣಿನ ಹೊಲಗಳಿಗೆ ಅದರ ಅಗತ್ಯ ಬಹಳ.

ಕಾವು ಇಳಿದ ಮಾತ್ರಕ್ಕೆ ಗೊಬ್ಬರ ಸಿದ್ಧವಾಯಿತೆಂದಲ್ಲ. ಶಾಖಪ್ರಿಯರು ಬಿಟ್ಟುಹೋದ ಗಟ್ಟಿ ನಾರನ್ನು ಮುರಿಯಲು ಶಿಲೀಂಧ್ರಗಳು ಮರಳಿ ಬರಬೇಕು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು 40 ಡಿಗ್ರಿಗಿಂತ ಕೆಳಗೇ ಕೆಲಸ ಮಾಡುವುದು. ಒಂದು ತಿಂಗಳಾದರೂ ನೆರಳಿನಲ್ಲಿ ಹಣ್ಣಾಗಲು ಬಿಡಬೇಕು. ಅವಸರಕ್ಕೆ ಹೊಲಕ್ಕೆ ಹಾಕಿದರೆ ಉಳಿದ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ. ನರ್ಸರಿಯಿಂದ ಸಸಿ ಕೊಂಡು ತಂದ ಟೊಮೊಟೊ ರೈತನಿಗೆ ಅಷ್ಟೇ ಸಾಕು, ಆ ವರ್ಷದ ಬಂಡವಾಳ ಹೋಯಿತು.

ಅದಕ್ಕೆ ಒಂದು ಪರೀಕ್ಷೆಯಿದೆ, ಮನೆಯಲ್ಲೇ ಮಾಡಬಹುದು. ಒಂದು ಪಾಲು ಗೊಬ್ಬರವನ್ನು ಹತ್ತು ಪಾಲು ನೀರಿನಲ್ಲಿ ಕಲಕಿ, ಒಂದು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಎರಡು ತಟ್ಟೆಯಲ್ಲಿ ಕಾಗದ ಹಾಸಿ ಒಂದಕ್ಕೆ ಈ ತಿಳಿ, ಇನ್ನೊಂದಕ್ಕೆ ಬರೀ ನೀರು ಹಾಕಿ, ತಲಾ ಇಪ್ಪತ್ತು ಟೊಮೊಟೊ ಬೀಜ ಇಟ್ಟು ಮುಚ್ಚಿ ಕತ್ತಲಲ್ಲಿಡಬೇಕು. ವಾರದೊಳಗೆ ಮೊಳಕೆ ಬರುತ್ತದೆ. ಎಷ್ಟು ಮೊಳೆತವೆಂದು ಎಣಿಸಿ, ಬೇರಿನ ಉದ್ದವನ್ನೂ ಅಳೆದು ಹೋಲಿಸಬೇಕು. ಎರಡೂ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಒಂದೇ ಇದ್ದರೆ ಗೊಬ್ಬರ ಮಾಗಿದೆ. ಗೊಬ್ಬರದ ತಿಳಿಯಲ್ಲಿ ಬೇರು ಗಿಡ್ಡವಾಗಿ ತುದಿ ಕಂದಿದ್ದರೆ ರಾಶಿಯನ್ನು ಇನ್ನೊಮ್ಮೆ ಮಗುಚಿ, ಎರಡು ಮೂರು ವಾರ ಬಿಟ್ಟು, ಮತ್ತೆ ಬೀಜ ಇಟ್ಟು ನೋಡಬೇಕು.